ಬಿ27 ಪಾಸಿಟಿವ್ ಬಂದಿದೆ, ಮುಂದೇನು?

ಪ್ರಶ್ನೆ: ನನಗೆ 34 ವರ್ಷ. ಮನೆ ಮುಂಬೈ ಬಳಿಯ ಡೊಂಬಿವಿಲಿಯಲ್ಲಿ, ದಾದರ್‌ನಲ್ಲಿ ಕ್ಯಾಟರಿಂಗ್ ಕೆಲಸ. ಎರಡು ವರ್ಷದಿಂದ ಸೊಂಟನೋವು. ಬೆಳಗಿನ ಜಾವ ನಾಲ್ಕಕ್ಕೇ ನೋವಿನಿಂದ ಎಚ್ಚರವಾಗುತ್ತದೆ. ಎದ್ದ ಮೇಲೆ ಮುಕ್ಕಾಲು ಗಂಟೆ ಬಗ್ಗಲಾಗುವುದಿಲ್ಲ, ಅಡುಗೆಮನೆಯಲ್ಲಿ ಓಡಾಡತೊಡಗಿದರೆ ಹಗುರಾಗುತ್ತದೆ. ಸೊಂಟದ ಎಂಆರ್‌ಐನಲ್ಲಿ ‘ಡಿಸ್ಕ್ ಬಲ್ಜ್’ (ಬೆನ್ನೆಲುಬುಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಬಂತು. ಎರಡು ವಾರ ಬೆಡ್‌ರೆಸ್ಟ್ ಮಾಡಿದರೆ ನೋವು ಹೆಚ್ಚಾಯಿತು. ಈಗ ಎಚ್‌ಎಲ್‌ಎ-ಬಿ27 ಪಾಸಿಟಿವ್, ಉರಿಯೂತ ಅಳೆಯುವ ಸಿಆರ್‌ಪಿ ರಕ್ತಪರೀಕ್ಷೆ ನಾರ್ಮಲ್. ಕುಂದಾಪುರದಲ್ಲಿದ್ದ ಸೋದರಮಾವನ ಬೆನ್ನು ಐವತ್ತಕ್ಕೇ ಬಾಗಿಹೋಗಿತ್ತು. ಇದು ಗುಣವಾಗದ ಕಾಯಿಲೆಯೇ? ಆರು ವರ್ಷದ ಮಗಳಿಗೂ ಈ ಟೆಸ್ಟ್ ಮಾಡಿಸಬೇಕೇ?

ಉತ್ತರ: ಮಗಳಿಗೆ ಬೇಡ. ನಿಮಗೆ ಮಾತ್ರ ಸರಿಯಾದ ಜಾಗದ ಸ್ಕ್ಯಾನ್ ಇನ್ನೂ ಆಗಿಲ್ಲ. ಕಾರಣಗಳು ಕೆಳಗಿವೆ.

ಬಿ27 ಎಂಬುದು ಕಾಯಿಲೆಯ ಹೆಸರಲ್ಲ, ನೀವು ಹುಟ್ಟುವಾಗಲೇ ತಂದ ಒಂದು ವಂಶವಾಹಿಯ ಹೆಸರು. ನಿಮ್ಮ ಬೆನ್ನು ನೋಯದಿದ್ದ 32 ವರ್ಷವೂ ಅದು ನಿಮ್ಮ ಮೈಯಲ್ಲೇ ಇತ್ತು. ನಿಮ್ಮ ಪ್ರಶ್ನೆಯಲ್ಲಿ ರಿಪೋರ್ಟಿಗಿಂತ ತೂಕದ ಮಾತುಗಳು ಬೇರೆ ಇವೆ: ನಾಲ್ಕು ಗಂಟೆಯ ಎಚ್ಚರ, ಮುಕ್ಕಾಲು ಗಂಟೆಯ ಬಿಗಿತ, ಓಡಾಡಿದರೆ ಹಗುರ, ಮಲಗಿದರೆ ಜೋರು. ಇವು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತದ ಕಡೆ ಬೆರಳು ತೋರಿಸುತ್ತವೆ. ಡಿಸ್ಕ್ ನೋವು ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗಾ ಇರುತ್ತದೆ. ಭಾರ ಎತ್ತಿದರೆ, ಹೆಚ್ಚು ಹೊತ್ತು ಕೂತರೆ ನೋವು, ಮಲಗಿದರೆ ಆರಾಮ. ಮೂವತ್ತು ದಾಟಿದವರ ಸೊಂಟದ ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್ ಕಾಣುವುದು ತಲೆಯಲ್ಲಿ ಒಂದೆರಡು ಬಿಳಿಕೂದಲು ಕಂಡ ಹಾಗೆ, ನೋವೇ ಇಲ್ಲದವರಲ್ಲೂ ಧಾರಾಳವಾಗಿ ಸಿಗುತ್ತದೆ.

ಈ ವಂಶವಾಹಿ ಮಾಡುವ ಕೆಲಸವನ್ನು ನಿಮ್ಮ ವೃತ್ತಿಯ ಮಾತಿನಲ್ಲೇ ಹೇಳಬಹುದು. ದೇಹದ ಪ್ರತಿಯೊಂದು ಜೀವಕೋಶವೂ ಒಂದು ಅಡುಗೆಮನೆ. ಒಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಅದು ಸ್ಯಾಂಪಲ್ ತಟ್ಟೆಯಲ್ಲಿಟ್ಟು ಹೊರಬಾಗಿಲಲ್ಲಿ ತೋರಿಸುತ್ತಿರಬೇಕು. ರೋಗನಿರೋಧಕ ಪಡೆಯ ಟಿ-ಕೋಶಗಳು ಇನ್‌ಸ್ಪೆಕ್ಟರ್‌ಗಳಂತೆ ಸುತ್ತುತ್ತ ತಟ್ಟೆ ನೋಡಿಕೊಂಡು ಹೋಗುತ್ತವೆ. ವೈರಸ್ಸಿನ ಚೂರು ಕಂಡರೆ ಆ ಅಡುಗೆಮನೆಗೆ ಬೀಗ. ಆ ತಟ್ಟೆಯೇ ಎಚ್‌ಎಲ್‌ಎ. ಅದರ ‘ಬಿ’ ಜಾತಿಯ ತಟ್ಟೆಯ ವಿನ್ಯಾಸ 6ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿದೆ. ಮನುಷ್ಯರಲ್ಲಿ ಇದರ ಸಾವಿರಾರು ವಿನ್ಯಾಸಗಳಿವೆ, ಬಿ27 ಅದರಲ್ಲೊಂದು ಕುಟುಂಬ. ಈ ತಟ್ಟೆ ಹಿಡಿಯುವುದು ಸಾಮಾನ್ಯವಾಗಿ ಒಂಬತ್ತು ಅಮೈನೋ ಆಮ್ಲ ಉದ್ದದ ಚೂರುಗಳನ್ನು. ಚೂರಿನ ಎರಡನೇ ಸ್ಥಾನದಲ್ಲಿ ಆರ್ಜಿನೀನ್ ಇದ್ದರೆ ಅದಕ್ಕೆ ಬಲು ಇಷ್ಟ.

ಈ ತಟ್ಟೆಗೂ ಆಂಕಿಲೋಸಿಂಗ್ ಸ್ಪಾಂಡಿಲೈಟಿಸಿಗೂ ನಂಟಿದೆಯೆಂದು 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸಿನ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಬ್ರೂವರ್ಟನ್ ಮತ್ತು ಸಂಗಡಿಗರ ಲಂಡನ್ ತಂಡ ನೋಡಿದ 75 ರೋಗಿಗಳಲ್ಲಿ 72 ಮಂದಿಗೆ ಬಿ27 ಇತ್ತು, ಹೋಲಿಕೆಗೆ ತೆಗೆದುಕೊಂಡ 75 ಜನರಲ್ಲಿ ಮೂವರಿಗೆ ಮಾತ್ರ. ವೈದ್ಯಶಾಸ್ತ್ರದಲ್ಲಿ ಇಷ್ಟು ಬಿಗಿಯಾದ ನಂಟುಗಳು ಅಪರೂಪ. ಐವತ್ತು ವರ್ಷ ಕಳೆದರೂ ‘ಹೇಗೆ’ ಎಂಬುದಕ್ಕೆ ಒಂದೇ ಉತ್ತರ ಗಟ್ಟಿಯಾಗಿಲ್ಲ. ಕೀಲಿನ ಸ್ವಂತ ಚೂರನ್ನೇ ಬ್ಯಾಕ್ಟೀರಿಯಾದ ಚೂರೆಂದು ಟಿ-ಕೋಶಗಳು ತಪ್ಪು ತಿಳಿಯುತ್ತವೆ ಎಂಬುದು ಒಂದು ವಾದ. 2022ರಲ್ಲಿ ರೋಗಿಗಳ ಕೀಲು ಮತ್ತು ಕಣ್ಣಿನಿಂದ ತೆಗೆದ ಟಿ-ಕೋಶಗಳ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ತಟ್ಟೆ ಕೋಶದೊಳಗೆ ಸರಿಯಾಗಿ ಮಡಿಚಿಕೊಳ್ಳದೆ ಗುಡ್ಡೆಬಿದ್ದು ಒತ್ತಡ ಹುಟ್ಟಿಸುತ್ತದೆ ಎಂಬುದು ಇನ್ನೊಂದು. ಚೂರುಗಳನ್ನು ಅಳತೆಗೆ ಕತ್ತರಿಸುವ ಇಆರ್‌ಎಪಿ1 ಎಂಬ ಕಿಣ್ವದ ವಂಶವಾಹಿ ಕೂಡ ಈ ಕಾಯಿಲೆಯ ಅಪಾಯವನ್ನು ಏರಿಳಿಸುತ್ತದೆ, ಆದರೆ ಮುಖ್ಯವಾಗಿ ಬಿ27 ಇರುವವರಲ್ಲಿ ಎಂದು 2011ರಲ್ಲಿ ಗೊತ್ತಾಯಿತು. ಅಂದರೆ ತಟ್ಟೆ, ಅದರ ಮೇಲಿನ ಚೂರು, ಕತ್ತರಿಸುವ ಚಾಕು, ಮೂರೂ ಕಥೆಯಲ್ಲಿವೆ. ಕರುಳಿಗೂ ಪಾತ್ರವಿದೆ. ಮನುಷ್ಯರ ಬಿ27 ಸೇರಿಸಿ ಬೆಳೆಸಿದ ಇಲಿಗಳಿಗೆ ಕರುಳು, ಕೀಲುಗಳ ಉರಿಯೂತ ಬರುತ್ತದೆ. ಅವೇ ಇಲಿಗಳನ್ನು ಒಂದೂ ಸೂಕ್ಷ್ಮಜೀವಿ ಇಲ್ಲದ ಪೆಟ್ಟಿಗೆಯಲ್ಲಿ ಬೆಳೆಸಿದರೆ ಬರುವುದಿಲ್ಲ.

ಇದನ್ನು ‘ಕೆಟ್ಟ ಜೀನ್’ ಎಂದು ಬೈಯುವವರಿಗೆ ಒಂದು ಮಾತು. ಎಚ್‌ಐವಿ ತಗುಲಿಯೂ ಔಷಧಿಯಿಲ್ಲದೆ ವರ್ಷಗಟ್ಟಲೆ ವೈರಸ್ಸನ್ನು ಹತೋಟಿಯಲ್ಲಿಟ್ಟುಕೊಳ್ಳುವ ಕೆಲವರಲ್ಲಿ ಹೆಚ್ಚಾಗಿ ಕಾಣುವ ತಟ್ಟೆಗಳಲ್ಲಿ ಬಿ27 ಕೂಡ ಒಂದು. ಒಳ್ಳೆಯ ಕಾವಲುಗಾರನೇ, ಕೆಲವೊಮ್ಮೆ ಮನೆಯವರನ್ನೇ ತಡೆದು ನಿಲ್ಲಿಸುತ್ತಾನೆ ಅಷ್ಟೆ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಭಾರತದಲ್ಲಿ ಆರೋಗ್ಯವಂತರಲ್ಲಿ ಬಿ27 ಇರುವವರು ನೂರಕ್ಕೆ ಎರಡರಿಂದ ಆರರ ಸುಮಾರು, ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಲೆಕ್ಕಕ್ಕೆ ಐದು ಎಂದಿಟ್ಟುಕೊಳ್ಳಿ. ಬಿ27 ಇರುವವರೆಲ್ಲರಲ್ಲಿ ಈ ಕಾಯಿಲೆ ಬರುವುದು ನೂರಕ್ಕೆ ಒಬ್ಬಿಬ್ಬರಿಗೆ, ಹೆಚ್ಚೆಂದರೆ ಐವರಿಗೆ. ಹಳೆಯ ಸೊಂಟನೋವಿನ ಸಾವಿರ ಜನರನ್ನು ತೆಗೆದುಕೊಳ್ಳಿ. ಅವರಲ್ಲಿ ಸುಮಾರು 50 ಮಂದಿಗೆ ಈ ಉರಿಯೂತದ ಕಾಯಿಲೆ ಇರುತ್ತದೆ, ಆ 50ರಲ್ಲಿ 45 ಮಂದಿ ಬಿ27 ಪಾಸಿಟಿವ್. ಕಾಯಿಲೆ ಇಲ್ಲದ 950ರಲ್ಲೂ ಐದು ಶೇಕಡದಂತೆ 47 ಮಂದಿ ಪಾಸಿಟಿವ್. ಅಂದರೆ ಬರೀ ‘ಸೊಂಟನೋವು ಮತ್ತು ಬಿ27’ ಎಂದರೆ ನಾಣ್ಯ ಚಿಮ್ಮಿದಂತೆ. ಇನ್ನು ಬೆಳಗಿನ ಬಿಗಿತ, ನಸುಕಿನ ನೋವು, ಓಡಾಡಿದರೆ ಹಗುರ ಎನ್ನುವವರನ್ನು ಮಾತ್ರ ಆರಿಸಿದರೆ ಸಾವಿರದಲ್ಲಿ 140 ಮಂದಿಗೆ ಕಾಯಿಲೆ ಇರುತ್ತದೆ. 126 ನಿಜವಾದ ಪಾಸಿಟಿವ್, 43 ಸುಳ್ಳು. ಸಂಭವ ನಾಲ್ಕರಲ್ಲಿ ಮೂರಕ್ಕೆ ಏರಿತು. ನೀವು ಇರುವುದು ಈ ಎರಡನೇ ಗುಂಪಿನಲ್ಲಿ. ಸೋದರಮಾವನ ಬಾಗಿದ ಬೆನ್ನು ಇದೇ ಕಾಯಿಲೆಯದಾಗಿದ್ದರೆ ತಕ್ಕಡಿ ಇನ್ನಷ್ಟು ವಾಲುತ್ತದೆ. ತಾಯಿಯ ಅಣ್ಣತಮ್ಮಂದಿರೂ ಈ ಲೆಕ್ಕಕ್ಕೆ ಸೇರುತ್ತಾರೆ. ಊರಿಗೆ ಫೋನ್ ಮಾಡಿ ಎರಡು ವಿಷಯ ಕೇಳಿ: ಅವರಿಗೆ ಕುತ್ತಿಗೆ ತಿರುಗಿಸಲು ಆಗುತ್ತಿತ್ತೇ, ಕಣ್ಣು ಪದೇಪದೇ ಕೆಂಪಾಗುತ್ತಿತ್ತೇ.

ಟೆಸ್ಟ್ ರಿಪೋರ್ಟನ್ನೂ ಒಮ್ಮೆ ತೆಗೆದು ನೋಡಿ, ವಿಧಾನ ಯಾವುದೆಂದು ಬರೆದಿರುತ್ತದೆ. ಫ್ಲೋ ಸೈಟೋಮೆಟ್ರಿ ಆಗಿದ್ದರೆ ಅಲ್ಲಿ ಪ್ರತಿಕಾಯವೊಂದು ಬಿ27ಕ್ಕೆ ಅಂಟುತ್ತದೆಯೇ ಎಂದು ನೋಡುತ್ತಾರೆ. ಬಿ7 ಎಂಬ ಸೋದರ ತಟ್ಟೆಗೂ ಅದು ಅಲ್ಪಸ್ವಲ್ಪ ಅಂಟುವುದರಿಂದ ‘ಬಾರ್ಡರ್‌ಲೈನ್’ ಫಲಿತಾಂಶಗಳು ಬರುತ್ತವೆ. ಈ ವಿಧಾನಕ್ಕೆ ರಕ್ತ ತಾಜಾ ಇರಬೇಕು. ಫ್ರಿಜ್ಜಿನಲ್ಲಿಟ್ಟ ಅಥವಾ ಬಿಸಿಲಲ್ಲಿ ಅರ್ಧ ದಿನ ಬ್ಯಾಗಿನಲ್ಲಿ ಅಲೆದ ಸ್ಯಾಂಪಲ್ ಕೈಕೊಡುತ್ತದೆ. ಪಿಸಿಆರ್ ವಿಧಾನ ನೇರವಾಗಿ ಡಿಎನ್ಎ ನೋಡುವುದರಿಂದ ಈ ಗೊಂದಲ ಕಡಿಮೆ. ಫ್ಲೋನಲ್ಲಿ ಅನುಮಾನ ಉಳಿದರೆ ಪಿಸಿಆರ್ ಮಾಡಿಸಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು-ಮೂರು ಮಿಲಿಲೀಟರ್ ರಕ್ತ ಸಾಕು, ಖಾಲಿಹೊಟ್ಟೆ ಬೇಕಿಲ್ಲ. ಸ್ಪಷ್ಟ ಉತ್ತರ ಒಮ್ಮೆ ಸಿಕ್ಕಿತೆಂದರೆ ಜನ್ಮದಲ್ಲಿ ಮತ್ತೆ ಮಾಡಿಸುವ ಅಗತ್ಯವಿಲ್ಲ. ಔಷಧಿಯಿಂದ ಇದು ನೆಗೆಟಿವ್ ಆಗುವುದಿಲ್ಲ, ಹಾಗೆ ಆಗಿಸುತ್ತೇವೆ ಎನ್ನುವವರಿಂದ ದೂರವಿರಿ.

ಬಿ27ರ ಉಪಜಾತಿಗಳ ಬಗ್ಗೆ ಕೆಲವರು ಕೇಳುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 27:05, 27:04 ಎರಡೂ ಕಾಯಿಲೆಯ ನಂಟಿನವೇ. ಆಗ್ನೇಯ ಏಷ್ಯಾದ 27:06 ಮತ್ತು ಸಾರ್ಡೀನಿಯಾ ದ್ವೀಪದ 27:09ಕ್ಕೆ ಅಂಥ ನಂಟು ಕಾಣುವುದಿಲ್ಲ. 27:05ಕ್ಕೂ 27:09ಕ್ಕೂ ಇರುವ ವ್ಯತ್ಯಾಸ 116ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ. ಸಂಶೋಧಕರಿಗೆ ಇದು ಹಬ್ಬದೂಟ. ನಿಮ್ಮ ಚಿಕಿತ್ಸೆಗೆ ಏನೂ ವ್ಯತ್ಯಾಸ ಮಾಡದು, ಅದಕ್ಕೆ ದುಡ್ಡು ಹಾಕಬೇಡಿ.

ದುಡ್ಡು ಹಾಕಬೇಕಾದ್ದು ಸೇಕ್ರೋಇಲಿಯಾಕ್ ಕೀಲುಗಳ ಎಂಆರ್‌ಐಗೆ. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿ ಸೊಂಟದ ಮೂಳೆಗೆ ಸೇರುವಲ್ಲಿ, ಪೃಷ್ಠದ ಮೇಲ್ಭಾಗದ ಎರಡೂ ಕಡೆ ಈ ಕೀಲುಗಳಿವೆ, ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಅಲ್ಲಿ. ನಿಮಗಾದ ಸೊಂಟದ ಎಂಆರ್‌ಐ ಈ ಕೀಲುಗಳನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಇಷ್ಟೊಂದು ಜನ ‘ಡಿಸ್ಕ್’ ಎಂಬ ಚೀಟಿ ಹಿಡಿದು ವರ್ಷಗಟ್ಟಲೆ ತಿರುಗುವುದಕ್ಕೆ ದೊಡ್ಡ ಕಾರಣ ಇದೇ. ಡಾಕ್ಟರರ ಚೀಟಿಯಲ್ಲಿ ‘ಎರಡೂ ಸೇಕ್ರೋಇಲಿಯಾಕ್ ಕೀಲುಗಳು, ಓರೆ ಕೊರೋನಲ್, ಟಿ1 ಮತ್ತು ಸ್ಟಿರ್’ ಎಂದು ಬರೆಸಿಕೊಳ್ಳಿ. ಸ್ಟಿರ್ ಚಿತ್ರದಲ್ಲಿ ಮಜ್ಜೆಯ ಊತ ಬೆಳ್ಳಗೆ ಹೊಳೆಯುತ್ತದೆ, ಟಿ1ನಲ್ಲಿ ಮೂಳೆ ಸವೆದ ಗುರುತು ಕಾಣುತ್ತದೆ. ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಡ, ಆ ಖರ್ಚು ಉಳಿಸಿ. ಎಕ್ಸ್-ರೇ ಅಗ್ಗ, ಮೊದಲು ಅದನ್ನೇ ಮಾಡಿಸುವುದೂ ಸರಿ. ಆದರೆ ಅದರಲ್ಲಿ ಹಾನಿ ಕಾಣಿಸಿಕೊಳ್ಳಲು ವರ್ಷಗಳು ಬೇಕು. ಎಕ್ಸ್-ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ಎಂಆರ್‌ಐಯೂ ಮೋಸ ಮಾಡಬಲ್ಲದು. ಈಚೆಗೆ ಹೆರಿಗೆಯಾದವರಲ್ಲಿ, ಓಟಗಾರರಲ್ಲಿ, ದಿನವಿಡೀ ಭಾರ ಹೊರುವವರಲ್ಲಿ ಅದೇ ಊತ ಸಣ್ಣದಾಗಿ ಕಾಣುತ್ತದೆ. ನೀವು ಪಾತ್ರೆ ಎತ್ತುವವರಾದ್ದರಿಂದ ಇದನ್ನು ಮೊದಲೇ ಹೇಳಿಬಿಡಿ. ಸಿಆರ್‌ಪಿ ನಾರ್ಮಲ್ ಎಂದು ನಿರಾಳವಾಗಬೇಡಿ, ಈ ಕಾಯಿಲೆ ಇದ್ದವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಯಲ್ಲಿ ಅದು ನಾರ್ಮಲ್ಲೇ ಇರುತ್ತದೆ.

ಸ್ಕ್ಯಾನಿನಲ್ಲಿ ಒಂದೇ ಕಡೆಯ ಕೀಲು ಊದಿ, ಸಂಜೆಜ್ವರವೋ ತೂಕ ಇಳಿಕೆಯೋ ಇದ್ದರೆ ಮುಂಬೈಯಲ್ಲಿ ಮೊದಲು ಕ್ಷಯವನ್ನು ತಳ್ಳಿಹಾಕಬೇಕು. ಕಾಯಿಸದ ಹಾಲು, ಹಸಿ ಹಾಲಿನ ಪದಾರ್ಥ ಬಳಸುವವರಲ್ಲಿ ಬ್ರುಸೆಲ್ಲಾ ಸೋಂಕನ್ನೂ ನೋಡಬೇಕು. ಭೇದಿಯಾಗಿ ಒಂದರಿಂದ ನಾಲ್ಕು ವಾರಕ್ಕೆ ಮೊಣಕಾಲೋ ಹಿಮ್ಮಡಿಯೋ ಊದಿದರೆ ಅದು ಬಿ27ರ ಇನ್ನೊಂದು ಮುಖ, ರಿಯಾಕ್ಟಿವ್ ಆರ್ಥ್ರೈಟಿಸ್.

ಹೋಗಬೇಕಾದ್ದು ರುಮಟಾಲಜಿಸ್ಟ್, ಅಂದರೆ ಕೀಲುರೋಗ ತಜ್ಞರ ಬಳಿಗೆ. ನಮ್ಮ ಜನ ಕುತ್ತಿಗೆ ನೋವಿಗೆಲ್ಲ ‘ಸ್ಪಾಂಡಿಲೈಟಿಸ್’ ಎನ್ನುತ್ತಾರೆ. ಅದು ವಯಸ್ಸಿನ ಸವೆತ, ಅದರ ಹೆಸರು ಸ್ಪಾಂಡಿಲೋಸಿಸ್. ಫೈಲಿನಲ್ಲಿ ಯಾವುದು ಬರೆದಿದೆಯೆಂದು ಅಕ್ಷರ ನೋಡಿ ಓದಿ, ಎರಡು ಅಕ್ಷರ ಬದಲಾದರೆ ಇಡೀ ಚಿಕಿತ್ಸೆ ಬದಲು.

ಕಾಯಿಲೆ ಖಚಿತವಾದರೆ, ಗುಣವಾಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಬೇರುಸಹಿತ ಕೀಳಲು ಬರುವುದಿಲ್ಲ, ಹತೋಟಿಗೆ ತರಲು ಚೆನ್ನಾಗಿ ಬರುತ್ತದೆ. ನಿಮ್ಮ ಸೋದರಮಾವನ ಕಾಲಕ್ಕೂ ಇಂದಿಗೂ ವ್ಯತ್ಯಾಸ ಬಹಳ. ಎಲ್ಲರ ಬೆನ್ನೂ ಬಾಗುವುದಿಲ್ಲ. ಮೊದಲ ಮದ್ದು ಉರಿಯೂತ ತಗ್ಗಿಸುವ ನೋವಿನ ಮಾತ್ರೆಯೇ. ನ್ಯಾಪ್ರೋಕ್ಸೆನ್ 500 ಮಿಲಿಗ್ರಾಂ ದಿನಕ್ಕೆರಡು, ಇಲ್ಲವೇ ಎಟೋರಿಕಾಕ್ಸಿಬ್ 60ರಿಂದ 90 ಮಿಲಿಗ್ರಾಂ ದಿನಕ್ಕೊಂದು, ಇಂಥವು. ನೋವು ಬಂದಾಗ ಒಂದು ನುಂಗಿ ಬಿಡುವುದು ಇಲ್ಲಿ ಕೆಲಸಕ್ಕೆ ಬಾರದು. ಪೂರ್ತಿ ಡೋಸಿನಲ್ಲಿ ಬಿಡದೆ ಎರಡರಿಂದ ನಾಲ್ಕು ವಾರ ತೆಗೆದುಕೊಂಡರೆ ಮಾತ್ರ ಫಲ ಗೊತ್ತಾಗುವುದು. ಒಂದು ಒಗ್ಗದಿದ್ದರೆ ಇನ್ನೊಂದನ್ನು ಅಷ್ಟೇ ದಿನ ನೋಡುತ್ತಾರೆ. ಎರಡನ್ನು ಒಟ್ಟಿಗೆ ನುಂಗಬೇಡಿ. ಶುರುವಿಗೆ ಮುಂಚೆ ಬಿಪಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನೀನ್ ನೋಡಿಸಿ, ಹೊಟ್ಟೆಹುಣ್ಣಿನ ಇತಿಹಾಸವಿದ್ದರೆ ಹೇಳಿ. ಇನ್ನೊಂದು ಮುಂಬೈಗೇ ಸೇರಿದ ಎಚ್ಚರಿಕೆ: ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಈ ಮಾತ್ರೆ ನಿಲ್ಲಿಸಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿಯಲ್ಲಿ ಇವು ರಕ್ತಸ್ರಾವ ಹೆಚ್ಚಿಸಬಲ್ಲವು.

ಬೆನ್ನುಮೂಳೆಗೆ ಮೆಥೋಟ್ರೆಕ್ಸೇಟ್, ಸಲ್ಫಾಸಲಜೀನ್ ಕೆಲಸ ಮಾಡುವುದಿಲ್ಲ. ಮೊಣಕಾಲು, ಪಾದದ ಕೀಲು ಊದಿದ್ದರೆ ಸಲ್ಫಾಸಲಜೀನಿಗೆ ಜಾಗವಿದೆ. ಸ್ಟೀರಾಯ್ಡ್ ಮಾತ್ರೆಗೂ ಇಲ್ಲಿ ಸ್ಥಾನವಿಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಮೂರೇ ದಿನದಲ್ಲಿ ಮೈ ಹಗುರಾಯಿತು ಎಂದರೆ ಅದರೊಳಗೆ ಸ್ಟೀರಾಯ್ಡ್ ಬೆರೆತಿದೆಯೆಂದೇ ಅನುಮಾನಿಸಿ.

ಎರಡು ನೋವಿನ ಮಾತ್ರೆಗಳೂ ಸೋತರೆ ಬಯೋಲಾಜಿಕ್ ಇಂಜೆಕ್ಷನ್. ಉರಿಯೂತ ಹೆಚ್ಚಿಸುವ ಟಿಎನ್ಎಫ್ ಎಂಬ ಪ್ರೋಟೀನನ್ನು ತಡೆಯುವ ಅಡಾಲಿಮುಮಾಬ್ 40 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚುವುದು. ಇದರ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ ಬೇರೆ ಕಂಪನಿಯ ಔಷಧಿ) ಜಗತ್ತಿನಲ್ಲೇ ಮೊದಲು ಬಂದದ್ದು ಭಾರತದಲ್ಲಿ, 2014ರಲ್ಲಿ. ಈಗ ಬೆಲೆ ಮೂಲ ಔಷಧಿಗಿಂತ ಬಹಳ ಕೆಳಗಿದೆ. ಅಂಥದೇ ಇನ್ನೊಂದು ಪ್ರೋಟೀನಾದ ಐಎಲ್-17 ತಡೆಯುವ ಸೆಕುಕಿನುಮಾಬ್ ಇನ್ನೊಂದು ದಾರಿ, ಕ್ರೋನ್ಸ್‌ನಂಥ ಕರುಳಿನ ಉರಿಯೂತ ಇದ್ದವರಿಗೆ ಅದು ಬೇಡ. ಮಾತ್ರೆಯ ರೂಪದ ಟೋಫಾಸಿಟಿನಿಬ್ 5 ಮಿಲಿಗ್ರಾಂ ದಿನಕ್ಕೆರಡು ಬಾರಿಯದು ಜೆನೆರಿಕ್ ಆಗಿ ಸಿಗುತ್ತದೆ. ಯಾವುದೇ ಆಗಲಿ, ಶುರುವಿಗೆ ಮುಂಚೆ ಎದೆಯ ಎಕ್ಸ್-ರೇ, ಅಡಗಿದ ಕ್ಷಯ ಹುಡುಕುವ ಮಾಂಟೂ ಚರ್ಮಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಆಗಲೇಬೇಕು. ಮೈಯಲ್ಲಿ ಮಲಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಗೋಡೆ ಕಟ್ಟಿ ಹಿಡಿದಿಡುವುದೇ ಟಿಎನ್ಎಫ್. ಅದನ್ನು ತಡೆದರೆ ಗೋಡೆ ಕುಸಿಯುತ್ತದೆ. ಇಗ್ರಾ ಪಾಸಿಟಿವ್ ಬಂದು ಸಕ್ರಿಯ ಕ್ಷಯ ಇಲ್ಲವೆಂದಾದರೆ ತಡೆ ಔಷಧಿ ಶುರುಮಾಡಿ ಸಾಮಾನ್ಯವಾಗಿ ಒಂದು ತಿಂಗಳ ಬಳಿಕ ಇಂಜೆಕ್ಷನ್ ಕೊಡುತ್ತಾರೆ. ಐಸೋನಿಯಜಿಡ್ ಆದರೆ ಒಟ್ಟು ಆರು ತಿಂಗಳು, ಜೊತೆಗೆ ಪಿರಿಡಾಕ್ಸಿನ್. ಟೆಸ್ಟ್ ನೆಗೆಟಿವ್ ಇದ್ದವರಿಗೂ ಆಮೇಲೆ ಹೊಸದಾಗಿ ತಗುಲಬಹುದು. ದಿನಾ ಎರಡು ಹೊತ್ತು ಗಿಜಿಗುಡುವ ಲೋಕಲ್ ರೈಲಿನಲ್ಲಿ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆಜ್ವರ ಕಂಡರೆ ಮುಂದಿನ ಇಂಜೆಕ್ಷನ್ ಚುಚ್ಚಿಕೊಳ್ಳುವ ಮೊದಲು ಡಾಕ್ಟರಿಗೆ ಫೋನ್.

ಕಣ್ಣಿನ ಮಾತು ತಪ್ಪಿಸುವಂತಿಲ್ಲ. ಈ ಕಾಯಿಲೆಯವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಯುವಿಯೈಟಿಸ್ (ಕಣ್ಣೊಳಗಿನ ಉರಿಯೂತ) ಬರುತ್ತದೆ. ಒಂದೇ ಕಣ್ಣು ಕೆಂಪು, ಒಳಗಿನಿಂದ ನೋವು, ಬೆಳಕು ಚುಚ್ಚುವುದು, ಮಬ್ಬು. ಪಿಸುರು ಇರುವುದಿಲ್ಲ, ‘ಮದ್ರಾಸ್ ಐ’ಯಿಂದ ಇದನ್ನು ಬೇರೆ ಮಾಡುವುದು ಹೀಗೆ. ಮೆಡಿಕಲ್‌ನಿಂದ ಡ್ರಾಪ್ಸ್ ತಂದು ನೋಡೋಣ ಎಂದು ಕಾಯಬೇಡಿ, 24 ಗಂಟೆಯೊಳಗೆ ಕಣ್ಣಿನ ವೈದ್ಯರ ಸ್ಲಿಟ್‌ಲ್ಯಾಂಪಿನ ಮುಂದೆ ಕೂತಿರಬೇಕು. ತಡವಾದರೆ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ. ಬಿ27 ಪಾಸಿಟಿವ್ ಎಂದು ಅವರಿಗೆ ಹೇಳಿ, ಅರ್ಧ ಕೆಲಸ ಆದಂತೆ.

ವ್ಯಾಯಾಮವನ್ನು ಔಷಧಿಯ ಚೀಟಿಯಲ್ಲೇ ಬರೆಯಬೇಕು. ಬೆನ್ನು ಮುಂದಕ್ಕೆ ಬಾಗಿ ಗಟ್ಟಿಯಾಗುವುದು ಈ ಕಾಯಿಲೆಯ ಗುಣವಾದ್ದರಿಂದ ಹಿಂದಕ್ಕೆ ಬಾಗುವ ಆಸನಗಳೇ ಮುಖ್ಯ: ಭುಜಂಗಾಸನ, ಶಲಭಾಸನ, ಸೇತುಬಂಧ, ಎದೆ ಪೂರ್ತಿ ಹಿಗ್ಗುವ ಉಸಿರಾಟ. ದಿನಕ್ಕೆ 15-20 ನಿಮಿಷ ದಿಂಬಿಲ್ಲದೆ ಬೋರಲು ಮಲಗಿ. ರಾತ್ರಿ ತೆಳು ದಿಂಬು ಸಾಕು. ಈಜು ಅತ್ಯುತ್ತಮ, ದಾದರ್‌ನಲ್ಲೇ ಶಿವಾಜಿ ಪಾರ್ಕ್ ಬಳಿ ಪಾಲಿಕೆಯ ಈಜುಕೊಳವಿದೆ. ಲೋಕಲ್‌ನಲ್ಲಿ ಮೂವರ ಸೀಟಿನ ಅಂಚಿಗೆ ನಾಲ್ಕನೆಯವರಾಗಿ ಓರೆಯಾಗಿ ಕೂರುವುದಕ್ಕಿಂತ ಥಾಣೆ ಸ್ಟೇಷನ್ನಿನವರೆಗೆ ನಿಂತು ಆಮೇಲೆ ಕೂತರೆ ಬೆನ್ನಿಗೆ ಒಳ್ಳೆಯದು. ಬೆನ್ನು ‘ಲಟಕ್’ ಅನ್ನಿಸಿ ಸರಿಮಾಡುವವರ ಹತ್ತಿರ ಹೋಗಲೇಬೇಡಿ, ಬೆಸೆದುಕೊಂಡ ಮೂಳೆ ಸಣ್ಣ ಏಟಿಗೂ ಮುರಿಯುತ್ತದೆ. ಸಿಗರೇಟು ಸೇದುವುದಾದರೆ ಬಿಡಿ, ಅದರಿಂದ ಮೂಳೆ ಬೆಸೆಯುವ ವೇಗ ಹೆಚ್ಚುತ್ತದೆ.

ತಿಂಗಳಿಗೊಮ್ಮೆ ಮನೆಯಲ್ಲೇ ಅಳೆದು ಬರೆದಿಡಿ, ಯಾವಾಗಲೂ ಸಂಜೆಯೇ. ಸೊಂಟದ ಹಿಂದಿನ ಎರಡು ಗುಳಿಗಳ ನಡುವೆ ಒಂದು ಗುರುತು, ಅದರಿಂದ ನೇರ ಮೇಲೆ 10 ಸೆಂಟಿಮೀಟರಿಗೆ ಇನ್ನೊಂದು. ಮೊಣಕಾಲು ಮಡಿಸದೆ ಬಗ್ಗಿದಾಗ ಆ ಅಂತರ 15ರ ಹತ್ತಿರ ಹೋಗಬೇಕು. ಎದೆಗೆ ಟೇಪು ಸುತ್ತಿ ಪೂರ್ತಿ ಉಸಿರೆಳೆದಾಗ, ಬಿಟ್ಟಾಗ ಇರುವ ವ್ಯತ್ಯಾಸ 2.5 ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು. ಹಿಮ್ಮಡಿ ಗೋಡೆಗೆ ಒತ್ತಿ ನಿಂತಾಗ ತಲೆಯ ಹಿಂಭಾಗ ಗೋಡೆ ಮುಟ್ಟಬೇಕು. ಡಾಕ್ಟರ್ ಭೇಟಿಗೆ ಈ ಪುಸ್ತಕ ಒಯ್ಯಿರಿ, ‘ಪರವಾಗಿಲ್ಲ’ ಎಂಬ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಮಗಳ ವಿಷಯ. ನಿಮ್ಮ ಬಿ27 ಅವಳಿಗೆ ಬಂದಿರುವ ಸಂಭವ ಅರ್ಧಕ್ಕರ್ಧ. ನಿಮ್ಮ ಕಾಯಿಲೆ ಖಚಿತವಾಗಿ, ಜೀನೂ ಅವಳಿಗೆ ಬಂದಿದ್ದರೆ ಮುಂದೆಂದೋ ಕಾಯಿಲೆ ಬರುವ ಸಂಭವ ನೂರಕ್ಕೆ ಹತ್ತರಿಂದ ಇಪ್ಪತ್ತು. ಜೀನು ಬಂದಿದೆಯೋ ಇಲ್ಲವೋ ತಿಳಿಯದ ಈ ಹೊತ್ತಿನಲ್ಲಿ ಅದರ ಅರ್ಧ. ಪಾಸಿಟಿವ್ ಎಂದು ಗೊತ್ತಾದರೂ ಇವತ್ತು ಮಾಡುವಂಥ ಚಿಕಿತ್ಸೆ ಏನಿಲ್ಲ, ಬಾರದಂತೆ ತಡೆಯುವ ಲಸಿಕೆಯೂ ಇಲ್ಲ. ಉಳಿಯುವುದು ಆಡಿ ಬಿದ್ದು ಕಾಲು ನೋಯಿಸಿಕೊಂಡಾಗಲೆಲ್ಲ ನಿಮ್ಮ ಎದೆ ಧಸಕ್ಕೆನ್ನುವುದು, ಮುಂದೆ ಇನ್ಶೂರೆನ್ಸ್ ಫಾರ್ಮಿನಲ್ಲಿ ಬರೆಯಬೇಕೋ ಬೇಡವೋ ಎಂಬ ಗೊಂದಲ. ಟೆಸ್ಟ್ ಬೇಕಾಗುವುದು ಲಕ್ಷಣ ಕಂಡಾಗ. ಮಕ್ಕಳಲ್ಲಿ ಇದು ಬೆನ್ನಿನಿಂದ ಶುರುವಾಗುವುದು ಕಡಿಮೆ. ಆರು ವಾರಕ್ಕೂ ಇಳಿಯದ ಮೊಣಕಾಲಿನ ಊತ, ಬೆಳಿಗ್ಗೆ ಕುಂಟುತ್ತ ಎದ್ದು ಮಧ್ಯಾಹ್ನಕ್ಕೆ ಸರಿಹೋಗುವುದು, ಹಿಮ್ಮಡಿಯ ಹಿಂಭಾಗ ಒತ್ತಿದರೆ ನೋವು, ಒಂದೇ ಕಣ್ಣು ಕೆಂಪಾಗಿ ಬೆಳಕಿಗೆ ಮುಖ ತಿರುಗಿಸುವುದು. ಇವುಗಳಲ್ಲಿ ಒಂದು ಕಂಡರೂ ಮಕ್ಕಳ ವೈದ್ಯರಿಗೆ ನಿಮ್ಮ ರಿಪೋರ್ಟಿನ ಪ್ರತಿ ತೋರಿಸಿ. ಅಲ್ಲಿಯವರೆಗೆ ಅದು ನಿಮ್ಮ ಫೈಲಿನಲ್ಲೇ ಇರಲಿ.